ಒಗೆಯುವ ಕಲ್ಲಿಗೆ ಬಿದ್ದ ಜಾಣ ಅಂಗಿ

ದುಂಡಸಿಯ ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಒಗೆಯುವ ಕಲ್ಲಿದೆ. ಅಜ್ಜನ ಕಾಲದ್ದು. ಮೂರು ತಲೆಮಾರಿನ ಅರಿವೆ ಬಡಿದು ಬಡಿದು ನಡುವೆ ತಗ್ಗಾಗಿದೆ. ಮನೆಗೆ ಯಾವ ಹೊಸ ಬಟ್ಟೆ ಬಂದರೂ ಅವ್ವ ಅದಕ್ಕೆ ಕೊಡುವ ಸರ್ಟಿಫಿಕೇಟು ಎರಡೇ ಬಗೆಯದು: "ಕಲ್ಲಿಗೆ ತಾಳ್ತೈತಿ", ಇಲ್ಲವೇ "ಕಲ್ಲಿಗೆ ತಾಳಂಗಿಲ್ಲ". ಹೋದ ವರ್ಷ ಆ ಕಲ್ಲಿನ ಮೇಲೆ ಒಂದು ಜಾಣ ಅಂಗಿ ಜೀವ ಬಿಟ್ಟಿತು. ಅದರ ಸಾವಿಗೆ ಅವ್ವನೇ ಕಾರಣ ಎಂದು ಕಂಪನಿ ಹೇಳಿತು. ಅಲ್ಲ ಎಂದು ಹೇಳಲಿಕ್ಕೆ ಇದನ್ನು ಬರೆಯುತ್ತಿದ್ದೇನೆ.

ಅಪ್ಪನಿಗೆ ಎರಡು ವರ್ಷದಿಂದ ಆಗಾಗ ಎದೆ ಹೊಡೆದುಕೊಳ್ಳುತ್ತದೆ. ಬಂದರೆ ಐದು ನಿಮಿಷ, ಹತ್ತು ನಿಮಿಷ. ಮೈ ಬೆವರುತ್ತದೆ, ಕಣ್ಣು ಕತ್ತಲಿಡುತ್ತದೆ, ಆಮೇಲೆ ಏನೂ ಆಗಿಲ್ಲದಂತೆ ಹೋಗಿಬಿಡುತ್ತದೆ. ಶಿಗ್ಗಾಂವಿಗೆ ಹೋಗಿ ಇಸಿಜಿ ತೆಗೆಸುವಷ್ಟರಲ್ಲಿ ಗೀಟು ಸರಿಯಾಗಿರುತ್ತದೆ. ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರು 24 ತಾಸು ಎದೆಗೆ ತಂತಿ ಅಂಟಿಸಿಕೊಂಡು ಇರುವ ಹೋಲ್ಟರ್ ಪರೀಕ್ಷೆ ಮಾಡಿಸಿದರು. ಆ ದಿನವೂ ಎದೆ ತಪ್ಪು ಮಾಡಲಿಲ್ಲ. "ಬಂದಾಗಲೇ ಹಿಡೀಬೇಕ್ರೀ, ಹೋದ ಮ್ಯಾಲೆ ಹಿಡಿಯಾಕ ಆಗೂದಿಲ್ಲ" ಎಂದರು. ಕಳ್ಳನ ವಿಷಯ ಹೇಳಿದ ಹಾಗೆ.

ಬೆಂಗಳೂರಿನಲ್ಲಿರುವ ನಮ್ಮ ಚಿಗಪ್ಪನ ಮಗ ಇದನ್ನು ಕೇಳಿ ಆನ್‌ಲೈನಿನಲ್ಲಿ ಒಂದು ಬನಿಯನ್ ತರಿಸಿ ಕಳಿಸಿದ. ಕರಿ ಬಣ್ಣದ, ಮೈಗೆ ಬಿಗಿಯಾಗಿ ಕೂರುವ ಬನಿಯನ್. ಒಳಮೈಯಲ್ಲಿ ಎದೆಯ ಎರಡೂ ಬದಿಗೆ ಬೂದು ಬಣ್ಣದ ಎರಡು ಪಟ್ಟಿ. ಹೊರಗೆ ಎರಡು ಟಿಚ್ ಬಟನ್. ಅದಕ್ಕೆ ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದನ್ನು ಸಿಕ್ಕಿಸಿದರೆ ಎದೆಬಡಿತದ ಗೀಟು ಮೊಬೈಲಿಗೆ ಬರುತ್ತದೆ. ಬೆಲೆ ನಮ್ಮ ಮನೆಯ ಒಂದು ತಿಂಗಳ ಹಾಲಿನ ದುಡ್ಡಿಗಿಂತ ಹೆಚ್ಚು. ಅವ್ವ ಅದನ್ನು ತಿರುಗಾಮುರುಗಾ ಮಾಡಿ ನೋಡಿ ಕೇಳಿದಳು: "ಯಾವ ಸ್ವಾಮ್ಯಾರ ಯಂತ್ರಾಪಾ ಇದು?"

ಮೂರು ವಾರ ಚೆನ್ನಾಗಿತ್ತು. ಅಪ್ಪ ಅದನ್ನು ಹಾಕಿಕೊಂಡೇ ಗೋವಿನಜೋಳದ ಹೊಲಕ್ಕೆ ಹೋಗುತ್ತಿದ್ದ. ಸಂಜೆ ಬಂದರೆ ಬನಿಯನ್ ಬೆವರಿನಿಂದ ಹಿಂಡುವಂತಿರುತ್ತಿತ್ತು. ಅವ್ವ ಮರುದಿನ ಒಗೆದು ಒಣಹಾಕುತ್ತಿದ್ದಳು. ಕುತ್ತಿಗೆಯ ಹತ್ತಿರದ ಚೀಟಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಏನೇನೋ ಬರೆದಿತ್ತು: ತಣ್ಣೀರು, ಸೌಮ್ಯ ಸಾಬೂನು, ತಿಕ್ಕಬಾರದು, ಹಿಂಡಬಾರದು, ನೆರಳಲ್ಲಿ ಒಣಗಿಸಬೇಕು. ಪತ್ರಿಕೋದ್ಯಮದಲ್ಲಿ ಎಂಎ ಮಾಡಿದ ನಾನೂ ಅದನ್ನು ಓದಿರಲಿಲ್ಲ. ಅವ್ವನಿಗೆ ಹೇಗೆ ಗೊತ್ತಾಗಬೇಕು?

ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಬೆಂಗಳೂರಿನಿಂದ ಫೋನು. "ಅಣ್ಣಾ, ದೊಡ್ಡಪ್ಪ ಹೆಂಗದಾನ ನೋಡು ಲಗೂನ." ಅವನ ಮೊಬೈಲಿನಲ್ಲಿ ಅಪ್ಪನ ಎದೆಯ ಗೀಟು ಅಡ್ಡಾದಿಡ್ಡಿ ಕುಣಿದು ಸಪಾಟಾಗಿತ್ತು. ಅಪ್ಪ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿದೆವು. ಎಬ್ಬಿಸಿದ ರೀತಿಗೇ ಅವನ ಎದೆ ಹೊಡೆದುಕೊಳ್ಳಲು ಶುರುವಾಯಿತು. ಬಾಡಿಗೆ ಗಾಡಿ ಮಾಡಿ, ತಡಸ ಕ್ರಾಸ್ ದಾಟಿ, ಹುಬ್ಬಳ್ಳಿಗೆ ಓಡಿದೆವು. ಅವ್ವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಆಸ್ಪತ್ರೆಯಲ್ಲಿ ಇಸಿಜಿ ತೆಗೆದ ಎಳೆಯ ಡಾಕ್ಟರು ಎರಡು ಸಲ ನೋಡಿ, "ನಿಮ್ಮ ತಂದೆಯವರು ಆರಾಮ ಅದಾರ್ರೀ. ತೀರಿಕೊಂಡಿದ್ದು ಅಂಗಿ" ಎಂದರು.

ಆವತ್ತು ನಗು ಬಂತು. ಆದರೆ ಆ ರಾತ್ರಿಯ ನಂತರ ಅಪ್ಪ ಮೈಮೇಲೆ ಅಂಥದ್ದೇನನ್ನೂ ಹಾಕಿಕೊಳ್ಳಲು ಒಪ್ಪಿಲ್ಲ. ಈ ಸಲ ಮುಂಗಾರಿನಲ್ಲಿ ಗೊಬ್ಬರ ಹಾಕುವಾಗ ಮತ್ತೆ ಎದೆ ಹೊಡೆದುಕೊಂಡಿತು. ಬದುವಿನ ಮೇಲೆ ಕುಳಿತು ನೀರು ಕುಡಿದು ಸುಧಾರಿಸಿಕೊಂಡನಂತೆ. ಅದನ್ನು ಹಿಡಿಯಲು ಮೈಮೇಲೆ ಏನೂ ಇರಲಿಲ್ಲ. ನಮಗಾದ ನಷ್ಟ ಬನಿಯನ್ನಿನ ದುಡ್ಡಲ್ಲ, ಇದು.

ಕಂಪನಿಗೆ ಬರೆದೆವು. "ಒಗೆತದ ಸೂಚನೆಗಳನ್ನು ಪಾಲಿಸಿಲ್ಲವಾದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ" ಎಂದು ಎರಡು ಸಾಲು ಬಂತು.

ಬನಿಯನ್ನಿಗೆ ಏನಾಯಿತು ಎಂದು ತಿಳಿಯಲು ಊರಿನಲ್ಲಿ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವ ಗೆಳೆಯನ ಅಂಗಡಿಗೆ ಒಯ್ದೆ. ಅವನು ಮಲ್ಟಿಮೀಟರಿನ ಎರಡು ಮೊನೆಯನ್ನು ಬೂದು ಪಟ್ಟಿಯ ಎರಡು ತುದಿಗೆ ಇಟ್ಟ. ಮೀಟರು ಪೀಂ ಎನ್ನಲಿಲ್ಲ. ಅಲ್ಲಲ್ಲಿ ಇಟ್ಟು ನೋಡಿದ. ಒಂದು ಮೂಲೆಯಲ್ಲಿ ಪೀಂ ಎಂದಿತು, ಎರಡು ಬೆರಳು ಆಚೆ ಇಟ್ಟರೆ ಮತ್ತೆ ಮೌನ. "ವಾರ್ನಿಶ್ ಎದ್ದ ವಾಯರಿನಂಗ ಆಗೇತಿ ನೋಡು. ತುಕಡಿ ತುಕಡಿ ಜೀವ ಐತಿ, ಕೂಡಂಗಿಲ್ಲ" ಎಂದ. ನಮ್ಮ ಬ್ಯಾಚಿನ ಯಾರಾದರೂ ಇದನ್ನು ಇದಕ್ಕಿಂತ ಚೆನ್ನಾಗಿ ಬರೆಯಬಲ್ಲರೆಂದು ನನಗೆ ಅನಿಸುವುದಿಲ್ಲ.

ಅವನ ಮಾತಿನ ಹಿಂದಿನ ವಿಷಯ ಇಷ್ಟು. ನೂಲು ಹತ್ತಿಯದಿರಲಿ, ನೈಲಾನಿನದಿರಲಿ, ಕರೆಂಟನ್ನು ಹರಿಯಬಿಡುವುದಿಲ್ಲ. ಹರಿಯಬೇಕಾದರೆ ಅದರ ಮೇಲೆ ಹರಿಯಬಿಡುವ ಇನ್ನೊಂದನ್ನು ಬಳಿಯಬೇಕು. ಈ ಬಗೆಯ ಬನಿಯನ್ನುಗಳಲ್ಲಿ ಹೆಚ್ಚಾಗಿ ನೈಲಾನ್ ನೂಲಿಗೆ ಬೆಳ್ಳಿ ಬಳಿದಿರುತ್ತಾರೆ. ಪಿಯುಸಿ ವಿಜ್ಞಾನ ಓದಿದವರಿಗೆ ಟಾಲೆನ್ಸ್ ಪರೀಕ್ಷೆ ನೆನಪಿರಬೇಕು: ಸಿಲ್ವರ್ ನೈಟ್ರೇಟಿಗೆ ಅಮೋನಿಯಾ ಬೆರೆಸಿ, ಗ್ಲೂಕೋಸ್ ಹಾಕಿ ಬಿಸಿ ಮಾಡಿದರೆ ಗಾಜಿನ ಕೊಳವೆಯ ಒಳಗೋಡೆಗೆ ಕನ್ನಡಿಯಂತೆ ಬೆಳ್ಳಿ ಕೂರುತ್ತದೆ. ನೂಲಿಗೆ ಬೆಳ್ಳಿ ಕೂರಿಸುವ ಕೆಲಸವೂ ಮೂಲದಲ್ಲಿ ಅದರದೇ ಸಂಬಂಧಿ. ಕೂರುವ ಪದರ ಸಾಮಾನ್ಯವಾಗಿ ಒಂದು ಮೈಕ್ರಾನಿನ ಆಸುಪಾಸು, ಹಲವು ಸಲ ಅದಕ್ಕೂ ತೆಳು. ನಮ್ಮ ತಲೆಗೂದಲು 70 ಮೈಕ್ರಾನಿನಷ್ಟು ದಪ್ಪ ಇರುತ್ತದೆ ಎಂದರೆ ಲೆಕ್ಕ ಸಿಗುತ್ತದೆ. ಅಷ್ಟು ತೆಳುವಾದ ಬೆಳ್ಳಿ, ಬಗ್ಗುವ ಎಳೆಯುವ ನೂಲಿನ ಮೇಲೆ. ಬಡಿದರೆ ಬಿರುಕು ಬಿಡುತ್ತದೆ. ಬೆವರಿನ ಉಪ್ಪಿಗೆ ಅಜ್ಜಿಯ ಬೆಳ್ಳಿ ಕಾಲುಂಗುರದಂತೆ ಕಪ್ಪಾಗುತ್ತದೆ. ಬಿಳಿ ಬಟ್ಟೆಗೆ ಹಾಕುವ ಬ್ಲೀಚಿಂಗ್ ನೀರು ಸೋಕಿದರಂತೂ ಮುಗಿದೇ ಹೋಯಿತು.

ಎದೆ ಕಳಿಸುವ ಸಂಕೇತವೋ ಬಹಳ ಬಡಪಾಯಿ. ಚರ್ಮದ ಮೇಲೆ ಅದು ಸಿಗುವುದು ಒಂದು ವೋಲ್ಟಿನ ಸಾವಿರದಲ್ಲೊಂದು ಭಾಗದಷ್ಟು. ದಾರಿಯಲ್ಲಿ ಬಿರುಕುಗಳಿದ್ದರೆ ಅದು ಡಬ್ಬಿಯವರೆಗೆ ಮುಟ್ಟುವುದೇ ಇಲ್ಲ; ಮುಟ್ಟಿದರೂ ನಡೆದಾಡುವಾಗಿನ ಗದ್ದಲದಲ್ಲಿ ಕಳೆದುಹೋಗುತ್ತದೆ. ಅಪ್ಪನ ಗೀಟು ಮೊದಲು ಕುಣಿದು ಆಮೇಲೆ ಸಪಾಟಾಗಿದ್ದು ಹೀಗೆ.

ಬೆಳ್ಳಿ ಬೇಡವೆಂದರೆ ಬೇರೆ ದಾರಿಗಳಿವೆ. ಕರೆಂಟು ಹರಿಯಬಿಡುವ ಪ್ಲಾಸ್ಟಿಕ್ಕು ಸಾಧ್ಯ ಎಂದು 1977ರಲ್ಲಿ ತೋರಿಸಿದ ಶಿರಾಕಾವಾ, ಹೀಗರ್ ಮತ್ತು ಮ್ಯಾಕ್‌ಡಿಯರ್ಮಿಡ್ ಅವರಿಗೆ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅಂಥ ಪಾಲಿಮರುಗಳಲ್ಲಿ ಪಾಲಿಪಿರೋಲ್, ಪಾಲಿಅನಿಲಿನ್ ಎಂಬವನ್ನು ಬಟ್ಟೆಗೆ ಬಣ್ಣ ಅದ್ದಿದಂತೆಯೇ ಅದ್ದಿ ಕೂರಿಸಬಹುದು. ಹತ್ತಿ ಬಟ್ಟೆಗೂ ಹಿಡಿಯುತ್ತದೆ, ಅಗ್ಗವೂ ಹೌದು. ಆದರೆ ಪಾಲಿಅನಿಲಿನ್ ಹಸಿರಾಗಿ ಕರೆಂಟು ಹರಿಸುವುದು ಆಮ್ಲದ ಸಹವಾಸದಲ್ಲಿ ಮಾತ್ರ. ಕ್ಷಾರ ತಾಗಿದರೆ ನೀಲಿಯಾಗಿ ಸುಮ್ಮನಾಗುತ್ತದೆ. ನಮ್ಮ ಬಟ್ಟೆ ಸಬಕಾರ, ಸೋಡಾ ಎಲ್ಲ ಕ್ಷಾರವೇ ಅಲ್ಲವೇ? ಪಾಲಿಪಿರೋಲಿನದೂ ಸುಮಾರು ಇದೇ ಕಥೆ, ಗಾಳಿಗೂ ಅದು ನಿಧಾನಕ್ಕೆ ಬಲ ಕಳೆದುಕೊಳ್ಳುತ್ತದೆ. ಕಾರ್ಬನ್ನಿನ ಮಸಿ, ಗ್ರಾಫೀನ್ ಬಳಿಯುವುದು ಮೂರನೆಯ ದಾರಿ. ಅದು ನೂಲಿಗೆ ಗಟ್ಟಿಯಾಗಿ ಹಿಡಿಯಲು ಅಂಟು ಬೇಕು. ಅಂಟು ಹೆಚ್ಚಾದಷ್ಟೂ ಕರೆಂಟು ಕಡಿಮೆ. ಹಾಗಾದರೆ ಎಲ್ಲದರ ಮೇಲೆ ಪಾಲಿಯುರಿಥೇನಿನ ಒಂದು ಹೊದಿಕೆ ಹಾಕಿದರೆ? ಲೇಪ ಉಳಿಯುತ್ತದೆ, ಆದರೆ ಎದೆಯ ಸಂಕೇತ ಹಿಡಿಯಬೇಕಾದ ಜಾಗದಲ್ಲಿ ಲೇಪ ಚರ್ಮಕ್ಕೆ ನೇರ ತಾಗಲೇಬೇಕು. ಮುಚ್ಚಿದರೆ ಕೆಲಸಕ್ಕೆ ಬಾರದು, ತೆರೆದಿಟ್ಟರೆ ಬಾಳಿಕೆ ಬಾರದು. ಇದು ಸುಲಭದ ಲೆಕ್ಕ ಎಂದು ನಾನು ಹೇಳುವುದಿಲ್ಲ. ಪ್ರಯೋಗಾಲಯಗಳಲ್ಲಿ ತಲೆ ಕೆಡಿಸಿಕೊಂಡಿರುವವರ ಮೇಲೆ ನನಗೆ ಗೌರವವಿದೆ.

ಮೀಟರು ಹಿಡಿದ ಗೆಳೆಯನಿಗೆ ಅಷ್ಟಕ್ಕೇ ಬಿಡುವ ಮನಸ್ಸಿರಲಿಲ್ಲ. ಸಂಜೆ ಮನೆಗೆ ಬಂದು "ವೈನಿ, ಜರತಾರಿ ಸೀರಿ ಇದ್ರ ತಗೀರಿ" ಎಂದು ನನ್ನ ಹೆಂಡತಿಯ ಮದುವೆ ಸೀರೆ ತೆಗೆಸಿದ. ಅಂಚಿಗೆ ಮೊನೆ ಇಟ್ಟರೆ ಮೀಟರು ತುಟಿ ಬಿಚ್ಚಲಿಲ್ಲ. ಅವ್ವ ಸುಮ್ಮನೆ ಎದ್ದು ಹೋಗಿ ಪೆಟ್ಟಿಗೆಯಿಂದ ಅಜ್ಜಿಯ ಧಾರೆ ಸೀರೆ ತಂದಳು. ಅದರ ಅಂಚಿಗೆ ಇಟ್ಟ ಕೂಡಲೇ ಪೀಂ! ಅವ್ವನ ಮುಖದಲ್ಲಿ ಅಂಥ ಜಂಬ ನಾನು ನೋಡಿರಲಿಲ್ಲ. ಹೆಂಡತಿ ಎರಡು ದಿನ ಮಾತು ಬಿಟ್ಟಳು, ಅದು ಬೇರೆ ವಿಷಯ.

ಹಳೆಯ ಜರಿ ಎಂದರೆ ರೇಷ್ಮೆ ಎಳೆಗೆ ಚಪ್ಪಟೆ ಮಾಡಿದ ಬೆಳ್ಳಿ ತಂತಿ ಸುತ್ತಿ ಮೇಲೆ ಚಿನ್ನದ ನೀರು ಕೊಟ್ಟದ್ದು. ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಇಂದಿಗೂ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ ಎಂದು ಅದನ್ನು ನೇಯುವ ಸರ್ಕಾರಿ ನಿಗಮ ಹೇಳುತ್ತದೆ. ಈಗಿನ ಅಗ್ಗದ ಜರಿಯಲ್ಲಿ ಲೋಹದ ಮೇಲೆ ಹೊಳಪಿನ ರಾಳದ ಪದರ ಬಳಿದ ಪ್ಲಾಸ್ಟಿಕ್ಕೇ ಹೆಚ್ಚು, ಅದಕ್ಕೇ ಮೀಟರು ಮಾತಾಡಲಿಲ್ಲ. ಇದನ್ನು ಇಲ್ಲಿ ಹೇಳಲು ಕಾರಣವಿದೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿಯಲ್ಲಿ ರೆಮಿ ಪೋಸ್ಟ್ ಮತ್ತು ಮ್ಯಾಗಿ ಆರ್ತ್ ಎಂಬ ಸಂಶೋಧಕರು ಬಟ್ಟೆಯಲ್ಲೇ ಸರ್ಕ್ಯೂಟ್ ಮಾಡಲು ಹೊರಟಾಗ, ಅವರು ಮೊದಮೊದಲು ಕೈಗೆತ್ತಿಕೊಂಡ ಬಟ್ಟೆಗಳಲ್ಲಿ ಒಂದು ಭಾರತದಲ್ಲಿ ನೇಯುತ್ತಿದ್ದ, ಲೋಹದ ಹಾಳೆ ಸುತ್ತಿದ ರೇಷ್ಮೆ ಆರ್ಗಂಜಾ. ಜಗತ್ತಿನ ಜಾಣ ಬಟ್ಟೆಯ ವಂಶವೃಕ್ಷದಲ್ಲಿ ನಮ್ಮ ಅಜ್ಜಿಯರ ಪೆಟ್ಟಿಗೆಯೂ ಇದೆ.

ಆದರೆ ಅಜ್ಜಿಯ ಸೀರೆ ಒಮ್ಮೆಯೂ ಆ ಕಲ್ಲಿಗೆ ಬಿದ್ದದ್ದಲ್ಲ. ವರ್ಷಕ್ಕೊಮ್ಮೆ ನೆರಳಿಗೆ ಹರವಿ, ಮಡಿಕೆ ಬದಲಿಸಿ, ಒಳಗಿಡುವ ಸೀರೆ ಅದು. ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಎರಡು ಜಾತಿಯ ಬಟ್ಟೆ: ಪೆಟ್ಟಿಗೆಯ ಬಟ್ಟೆ, ಮೈಮೇಲಿನ ಬಟ್ಟೆ. ಪೆಟ್ಟಿಗೆಯ ಬಟ್ಟೆಯನ್ನು ಹೇಗೆ ಜೋಪಾನ ಮಾಡಬೇಕೆಂದು ಅವ್ವನಿಗೆ ಯಾವ ಚೀಟಿಯೂ ಕಲಿಸಬೇಕಿಲ್ಲ. ಕಂಪನಿ ಮಾಡಿದ್ದು ಏನು? ಪೆಟ್ಟಿಗೆಯ ಬಟ್ಟೆಯನ್ನು ಮೈಮೇಲಿನ ಬಟ್ಟೆ ಎಂದು ಮಾರಿತು. ದಿನಾ ಹಾಕಿಕೊಳ್ಳಿ, ಹೊಲಕ್ಕೂ ಹಾಕಿಕೊಳ್ಳಿ, ಮಲಗುವಾಗಲೂ ಹಾಕಿಕೊಳ್ಳಿ ಎಂದು ಜಾಹೀರಾತಿನಲ್ಲಿ ದೊಡ್ಡದಾಗಿ ಹೇಳಿತು. ಬಡಿಯಬೇಡಿ, ತಿಕ್ಕಬೇಡಿ, ಹಿಂಡಬೇಡಿ ಎಂದು ಕುತ್ತಿಗೆಯ ಚೀಟಿಯಲ್ಲಿ ಸಣ್ಣದಾಗಿ ಹೇಳಿತು. ದಿನಾ ಬೆವರುವ ಅಂಗಿಯನ್ನು ತಿಕ್ಕದೆ ಒಗೆಯುವುದು ಹೇಗೆ ಎಂದು ಆ ಚೀಟಿ ಬರೆದವರು ಒಮ್ಮೆ ದುಂಡಸಿಗೆ ಬಂದು ತೋರಿಸಲಿ.

ಇದು ಬರೀ ನಮ್ಮ ಮನೆಯ ಪಾಡಲ್ಲ. 2017ರಲ್ಲಿ ಗೂಗಲ್ ಮತ್ತು ಲಿವೈಸ್ ಸೇರಿ 350 ಡಾಲರಿನ ಡೆನಿಮ್ ಜಾಕೆಟ್ ಒಂದನ್ನು ಮಾರುಕಟ್ಟೆಗೆ ತಂದವು. ತೋಳಿನ ಅಂಚನ್ನು ಸವರಿದರೆ ಮೊಬೈಲಿನ ಹಾಡು ಬದಲಾಗುತ್ತಿತ್ತು. ಅದರ ಕರೆಂಟಿನ ನೂಲು ಸುಮಾರು 10 ಒಗೆತ ತಾಳುತ್ತದೆ ಎಂದು ಆಗಲೇ ವರದಿಯಾಗಿತ್ತು. 2023ರ ಏಪ್ರಿಲ್‌ನಲ್ಲಿ ಗೂಗಲ್ ಅದರ ಆ್ಯಪನ್ನೇ ನಿಲ್ಲಿಸಿತು. ನೂಲು ಗಟ್ಟಿಯಿದ್ದ ಜಾಕೆಟ್ಟುಗಳೂ ಅವತ್ತಿಗೆ ಮಾಮೂಲಿ ಜಾಕೆಟ್ಟಾದವು. ಹಾಡು ಬದಲಾಗದಿದ್ದರೆ ಯಾರೂ ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಓಡುವುದಿಲ್ಲ, ಅದಿರಲಿ.

ನಮ್ಮ ರಾಜ್ಯದಲ್ಲೇ ಇದರ ಕೆಲಸ ಬಹಳ ಹಿಂದೆ ಆಗಿದೆ. ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಡಿಆರ್‌ಡಿಒದ ಡೆಬೆಲ್ ಎಂಬ ಪ್ರಯೋಗಾಲಯವಿದೆ, ಸೈನಿಕರ ದೇಹ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ ಉಪಕರಣ ಮಾಡುವಂಥದ್ದು. ಅಲ್ಲಿನ ವಿಜ್ಞಾನಿಗಳು 'ಸ್ಮಾರ್ಟ್ ವೆಸ್ಟ್' ಎಂಬ ಅಂಗಿಯ ಬಗ್ಗೆ 2008ರಲ್ಲೇ ಅಂತರರಾಷ್ಟ್ರೀಯ ವೈದ್ಯಕೀಯ ತಂತ್ರಜ್ಞಾನ ಪತ್ರಿಕೆಯೊಂದರಲ್ಲಿ ಬರೆದಿದ್ದಾರೆ. ಇಸಿಜಿ, ನಾಡಿ, ಮೈಶಾಖ, ರಕ್ತದೊತ್ತಡ ಎಲ್ಲವನ್ನೂ ಗಮನಿಸುವ ಅಂಗಿ. ಅವರು ಅದನ್ನು ಪರಿಚಯಿಸುವಾಗ ಬಳಸಿದ ಮಾತೇ 'ಒಗೆಯಬಹುದಾದ ಅಂಗಿ' ಎಂದು. ಅಂದರೆ ಒಗೆತವೇ ಮುಖ್ಯ ಎಂಬುದು ಅವರಿಗೆ ಆಗಲೇ ಹೊಳೆದಿತ್ತು. ಅಂಥ ಅಂಗಿ ಹುಬ್ಬಳ್ಳಿಯ ಔಷಧಿ ಅಂಗಡಿಯಲ್ಲಿ ಬಿ.ಪಿ. ಯಂತ್ರದ ಪಕ್ಕದಲ್ಲಿ ಇಂದೂ ಕಾಣಿಸುವುದಿಲ್ಲ. ನಡುವೆ ಹೋದ ವರ್ಷಗಳೇನು ಕಡಿಮೆಯೇ?

ಹಾಗಾದರೆ 'ಒಗೆಯಬಹುದು' ಎಂದು ತೀರ್ಮಾನಿಸುವವರು ಯಾರು? ಜಗತ್ತಿನ ಬಟ್ಟೆ ವ್ಯಾಪಾರ ಬಹುಪಾಲು ಒಪ್ಪಿಕೊಂಡಿರುವ ಒಗೆತದ ಪರೀಕ್ಷೆ ಐಎಸ್‌ಒ 6330. ಅದರಲ್ಲಿ ಇಂಥ ಯಂತ್ರ, ಇಷ್ಟು ಬಿಸಿ, ಇಷ್ಟು ಸಾಬೂನು ಪುಡಿ ಎಂದು ಗೆರೆ ಎಳೆದಂತೆ ಬರೆದಿದ್ದಾರೆ. ಕೈಯಲ್ಲಿ ಒಗೆಯುವ ಕ್ರಮವೂ ಉಂಟು. ಆದರೆ ಆ 'ಕೈ ಒಗೆತ'ವನ್ನೂ ಯಂತ್ರವೇ ಮಾಡುತ್ತದೆ, ಮೆಲ್ಲಗೆ ತಿರುಗಿಸಿ! ಮೈಮೇಲೆ ಧರಿಸುವ ಎಲೆಕ್ಟ್ರಾನಿಕ್ ಬಟ್ಟೆಗೆಂದೇ ಅಂತರರಾಷ್ಟ್ರೀಯ ಇಲೆಕ್ಟ್ರೊಟೆಕ್ನಿಕಲ್ ಕಮಿಷನ್ ಈಚೆಗೆ ಒಂದು ಒಗೆತದ ಪರೀಕ್ಷೆ ಮಾಡಿದೆ. ಅದು ವಿರಾಮದ ಉಡುಪು ಮತ್ತು ಕ್ರೀಡಾ ಉಡುಪಿಗೆ. ನಮ್ಮಪ್ಪ ವಿರಾಮದಲ್ಲಿಲ್ಲ, ಆಟಕ್ಕೂ ಹೋಗುವುದಿಲ್ಲ. ಬೋರಿನ ಗಡಸು ನೀರು, ಕ್ಷಾರದ ಸಬಕಾರ, ಬ್ರಶ್ಶು, ಕಲ್ಲು, ಇಬ್ಬರು ಸೇರಿ ಹಿಂಡುವುದು, ಏಪ್ರಿಲ್‌ನ ಬಿಸಿಲು: ಇವು ಒಟ್ಟಿಗೆ ಸೇರಿದ ಪರೀಕ್ಷೆಯನ್ನು ಈ ಎರಡರಲ್ಲೂ ನಾನು ಕಾಣೆ. ಮಾನದಂಡ ಬರೆಯುವವರ ಮನೆಯಲ್ಲಿ ವಾಷಿಂಗ್ ಮಶೀನ್ ಇದೆ. ನಮ್ಮ ಕಡೆಯೂ ಈಗ ಬರುತ್ತಿದೆ, ಇಲ್ಲವೆನ್ನುವುದಿಲ್ಲ. ಆದರೆ ಮಶೀನು ಇರುವ ಮನೆಯಲ್ಲೂ ಹೊಲದ ಅರಿವೆಗೆ ಕಲ್ಲೇ ಗತಿ. ಕೆಸರಿನದ್ದನ್ನು ಮಶೀನಿಗೆ ಹಾಕಲು ಯಾವ ಅವ್ವನೂ ಬಿಡುವುದಿಲ್ಲ.

ಮಾನದಂಡ ಯಾರ ಕೈಯಲ್ಲಿದೆ ಎಂಬುದು ಎಷ್ಟು ದೊಡ್ಡ ಮಾತು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ, 1957ರಿಂದ. ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ಕೈಯಿಂದ ನೂತು ನೇಯ್ದ ಖಾದಿಯಿಂದ ಅಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಎಳೆಗಳ ಲೆಕ್ಕ, ಬಣ್ಣ, ಗಟ್ಟಿತನ ಎಲ್ಲವೂ ಬಿಐಎಸ್ ಹೇಳಿದಂತೆಯೇ ಇರಬೇಕು, ಒಂದು ತಪ್ಪಿದರೂ ಆ ಕಂತು ತಿರಸ್ಕಾರ. ಅಷ್ಟು ಬಿಗಿಯಾದ ಪರೀಕ್ಷೆಯನ್ನು ನಮ್ಮ ಹಳ್ಳಿಯ ಹೆಣ್ಣುಮಕ್ಕಳ ಕೈ ಪಾಸು ಮಾಡುತ್ತಾ ಬಂದಿದೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಯಲ್ಲಿ ಒಂದು ತಿದ್ದುಪಡಿಯಾಯಿತು: ಯಂತ್ರದಲ್ಲಿ ಮಾಡಿದ್ದೂ ಆದೀತು, ಪಾಲಿಯೆಸ್ಟರೂ ಆದೀತು. ಒಂದು ವಾಕ್ಯ ಬದಲಾದರೆ ಬೆಂಗೇರಿಯ ಹೊಲಿಗೆ ಯಂತ್ರಗಳು ಹೇಗೆ ಮೌನವಾಗುತ್ತವೆ ಎಂದು ಆಮೇಲಿನ ದಿನಗಳಲ್ಲಿ ನಮ್ಮಲ್ಲೇ ಕೆಲವರು ವರದಿ ಮಾಡಿದ್ದೀರಿ. ವಾಕ್ಯ ಬದಲಿಸಿ ಕೆಲಸ ಕಿತ್ತುಕೊಳ್ಳಬಹುದಾದರೆ, ವಾಕ್ಯ ಸೇರಿಸಿ ಕಲ್ಲನ್ನೂ ಪರೀಕ್ಷೆಯ ಒಳಗೆ ತರಬಹುದು.

ದುಡ್ಡು ನಮ್ಮದೇ ಇದೆ. ಕೇಂದ್ರ ಸರ್ಕಾರ 2020ರ ಫೆಬ್ರವರಿಯಲ್ಲಿ 1,480 ಕೋಟಿ ರೂಪಾಯಿಯ ರಾಷ್ಟ್ರೀಯ ತಾಂತ್ರಿಕ ಜವಳಿ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. 2021ರಲ್ಲಿ ಜವಳಿಗೆ 10,683 ಕೋಟಿಯ ಉತ್ಪಾದನಾ ಪ್ರೋತ್ಸಾಹಧನ ಘೋಷಿಸಿದಾಗ ತಾಂತ್ರಿಕ ಜವಳಿಯೂ ಅದರಲ್ಲಿತ್ತು. ಸಂಶೋಧನೆಗೆ, ಕಾರ್ಖಾನೆಗೆ ಕೊಡಲಿ, ಬೇಡವೆನ್ನುವವನು ನಾನಲ್ಲ. ನನ್ನ ತಕರಾರು ಒಂದೇ. ಸಾರ್ವಜನಿಕ ದುಡ್ಡು ತಿಂದ ಯಾವ ಜಾಣ ಬಟ್ಟೆಯೂ 'ನಮ್ಮ ನೀರಿನಲ್ಲಿ, ನಮ್ಮ ಸಬಕಾರದಲ್ಲಿ, ನಮ್ಮ ಕಲ್ಲಿನ ಮೇಲೆ ಇಷ್ಟು ಒಗೆತ' ಎಂಬ ಅಂಕಿಯನ್ನು ಕನ್ನಡದಲ್ಲಿ, ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ ಹಾಕದೆ ಮಾರಾಟಕ್ಕೆ ಬರಬಾರದು. ಐದು ಎಂದಿದ್ದರೂ ಪರವಾಗಿಲ್ಲ. ಐದು ಎಂದು ಗೊತ್ತಿದ್ದಿದ್ದರೆ ನಾವು ಆರನೆಯ ಒಗೆತದ ನಂತರ ಆ ಗೀಟನ್ನು ನಂಬುತ್ತಿರಲಿಲ್ಲ. ಹರಿದ ಅಂಗಿ ಹರಿದದ್ದು ಕಣ್ಣಿಗೆ ಕಾಣುತ್ತದೆ, ಸವೆದ ಲೇಪ ಕಾಣುವುದಿಲ್ಲ. ಕಂಡಿದ್ದು ರಾತ್ರಿ ಹನ್ನೊಂದಕ್ಕೆ, ಸಾವಿನ ವೇಷದಲ್ಲಿ.

ಇಂಥ ಪರೀಕ್ಷೆ ಮಾಡಲು ಜಿನೀವಾಕ್ಕೆ ಹೋಗಬೇಕಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಟ್ಟೆ ಮತ್ತು ಉಡುಪಿನ ವಿಭಾಗವೇ ಇದೆ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಹತ್ತಿ ಹೊರಬಂದಾಗ ಅದರ ಎಳೆಯ ಉದ್ದ, ನಯ, ಗಟ್ಟಿತನ ಅಳೆದು ನೋಡಿ ಆಮೇಲೆ ತಾನೇ ಮಿಲ್ಲುಗಳು ಕೊಂಡದ್ದು? ಅಳೆಯುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ.

ಇನ್ನೊಂದು ಸಂಗತಿ, ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಪ್ಪನ ಬನಿಯನ್ನಿನಿಂದ ಎದ್ದ ಬೆಳ್ಳಿ ಎಲ್ಲಿಗೆ ಹೋಯಿತು? ಹಿತ್ತಲಿನ ಬಚ್ಚಲ ನೀರಿನ ಜೊತೆ ಬಾಳೆಗಿಡದ ಬುಡಕ್ಕೆ. ವಾಸನೆ ಬಾರದಂತೆ ಬೆಳ್ಳಿಯ ಕಣ ಸೇರಿಸಿ ಮಾರುವ ಕಾಲುಚೀಲಗಳನ್ನು ಅಮೆರಿಕದ ಅರಿಝೋನಾದ ಸಂಶೋಧಕರು ನೀರಿನಲ್ಲಿ ಅಲುಗಾಡಿಸಿ ನೋಡಿ 2008ರಲ್ಲಿ ವರದಿ ಮಾಡಿದ್ದರು. ಕೆಲವು ಕಾಲುಚೀಲಗಳು ನಾಲ್ಕೇ ಒಗೆತಕ್ಕೆ ಬಹುಪಾಲು ಬೆಳ್ಳಿ ಬಿಟ್ಟುಕೊಟ್ಟವು, ಕೆಲವು ಹಿಡಿದುಕೊಂಡವು. ಒಂದು ಬನಿಯನ್ನಿನ ಬೆಳ್ಳಿಯಿಂದ ನಮ್ಮ ಬಾಳೆ ಸಾಯುವುದಿಲ್ಲ. ಆದರೆ ಬೆಳ್ಳಿಯ ಅಯಾನು ಸೂಕ್ಷ್ಮಜೀವಿಗಳಿಗೆ ವಿಷ, ಮೀನಿಗೂ ಒಳ್ಳೆಯದಲ್ಲ. ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆದು ಅದೇ ಹಳ್ಳಕ್ಕೆ ದನ ಬಿಡುವ ಊರುಗಳಿಗೆ ಇಂಥ ಸಾವಿರ ಬನಿಯನ್ ಬರುವ ಮೊದಲೇ ಈ ಪ್ರಶ್ನೆ ಕೇಳುವುದು ತಪ್ಪಲ್ಲ. ಎಷ್ಟು ಒಗೆತ ತಾಳುತ್ತದೆ ಎಂಬ ಅಂಕಿಯೇ ಎಷ್ಟು ಬೆಳ್ಳಿ ಹಳ್ಳ ಸೇರುತ್ತದೆ ಎಂಬುದರ ಸುಳಿವೂ ಹೌದು.

ತಂತ್ರಜ್ಞಾನ ಬೇಡ ಎಂಬ ಮಾತಲ್ಲ ಇದು. ನನಗೆ ಆ ಅಂಗಿ ಬೇಕು. ಇನ್ನೂ ಬೇಕು. ಆಸ್ಪತ್ರೆಯ ಇಸಿಜಿ ಯಂತ್ರದವರೆಗೆ ಎದೆಬಡಿತವನ್ನು ಹೊತ್ತೊಯ್ಯಬೇಕಾದ ಊರಿಗೇ ಅಂಥ ಅಂಗಿ ಹೆಚ್ಚು ಬೇಕು; ಪೇಟೆಯವನಿಗೆ ಆಸ್ಪತ್ರೆ ಆಟೋದ ದೂರದಲ್ಲಿದೆ. ಮಾಡುವ ರೀತಿ ಸ್ವಲ್ಪ ಬೇರೆಯಾಗಬೇಕು. ಲೇಪದ ಪಟ್ಟಿಯನ್ನು ಬನಿಯನ್ನಿಗೆ ಸೇರಿಸಿ ಹೊಲಿಯುವುದೇಕೆ? ಟಿಚ್ ಬಟನ್ನಿನಿಂದ ಬಿಚ್ಚಿ ತೆಗೆಯುವಂತೆ ಬೇರೆಯಾಗಿಟ್ಟರೆ ಬನಿಯನ್ ಕಲ್ಲಿಗೆ ಹೋಗಲಿ, ಪಟ್ಟಿ ಪೆಟ್ಟಿಗೆಯ ಬಟ್ಟೆಯಂತೆ ಮೆಲ್ಲಗೆ ತೊಳೆಸಿಕೊಳ್ಳಲಿ. ಓಟಗಾರರು ಎದೆಗೆ ಕಟ್ಟುವ ಪಟ್ಟಿಗಳಲ್ಲಿ ಡಬ್ಬಿ ಬೇರೆ, ಪಟ್ಟಿ ಬೇರೆ. ಸವೆದರೆ ಪಟ್ಟಿಯಷ್ಟನ್ನೇ ಕೊಳ್ಳಬಹುದು. ಪಟ್ಟಿಯ ಎರಡು ತುದಿಯಲ್ಲಿ ಎರಡು ಚುಕ್ಕಿ ಗುರುತು ಹಾಕಿ, ಅವುಗಳ ನಡುವೆ ಮೀಟರು ಎಷ್ಟು ತೋರಿಸಿದರೆ ಪಟ್ಟಿ ಸತ್ತಿದೆ ಎಂದು ಬರೆದರೆ, ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಒಂದು ಚಹಾದ ಖರ್ಚಿಗೆ ಪರೀಕ್ಷೆಯಾಗುತ್ತದೆ. ಡಬ್ಬಿಯೇ ದಿನಾ ಬೆಳಿಗ್ಗೆ ಪಟ್ಟಿಯ ಯೋಗಕ್ಷೇಮ ನೋಡಿ "ಪಟ್ಟಿ ಕೆಟ್ಟಿದೆ, ಎದೆಯಲ್ಲ" ಎಂದು ಕನ್ನಡದಲ್ಲಿ ಹೇಳುವಂತೆ ಮಾಡಲೂ ಬರುತ್ತದೆ. ಮಾಡಿಲ್ಲ, ಅಷ್ಟೇ.

ಮತ್ತೆ ಹೊಲಿಯುವವರು ಯಾರು? ನಮ್ಮ ತಾಲೂಕಿನ ಊರುಗಳಿಂದ ಎಷ್ಟು ಹೆಣ್ಣುಮಕ್ಕಳು ಹೊಲಿಗೆ ಕಲಿತು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ ಎಂದು ಈ ಭಾಗದವರಿಗೆ ನಾನು ಹೇಳಬೇಕಿಲ್ಲ. ಕರೆಂಟಿನ ನೂಲಿನಲ್ಲಿ ಹೊಲಿಯುವಾಗ ದೊಡ್ಡ ತಲೆನೋವು ಗಂಟು: ಗಂಟಿನ ಜಾಗದಲ್ಲಿ ಎಳೆ ಬಿಚ್ಚಿ ಪಕ್ಕದ ಎಳೆಗೆ ತಾಗಿದರೆ ಶಾರ್ಟ್. ಧಾರವಾಡದ ಕಸೂತಿಯಲ್ಲಿ ಗಂಟು ಹಾಕುವ ಪದ್ಧತಿಯೇ ಇಲ್ಲ. ಗವಂತಿ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ತಿರುಗಿ ಬಂದು ಎಳೆ ಎರಡೂ ಮೈಯಲ್ಲಿ ಒಂದೇ ರೀತಿ ಕಾಣುತ್ತದೆ. ಕಸೂತಿಯಿಂದ ಇಸಿಜಿ ಬರುತ್ತದೆ ಎಂದು ಪುರವಣಿಗೆಯ ಧಾಟಿಯಲ್ಲಿ ನಾನು ಹೇಳಹೊರಟಿಲ್ಲ. ಈ ಕೈಗಳನ್ನು ಯಾರೂ ಒಂದು ಮಾತು ಕೇಳಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಪುರವಣಿಗೆಯ ಧಾಟಿ ಎಂದೆನಲ್ಲ, ಅದು ನನ್ನದೇ ಪಾಪ. ಕೆಲವು ವರ್ಷಗಳ ಹಿಂದೆ ಒಂದು ಪತ್ರಿಕೆಯ ಭಾನುವಾರದ ಪುಟಕ್ಕೆ 'ನಿಮ್ಮ ಅಂಗಿಯೇ ನಿಮ್ಮ ವೈದ್ಯ' ಎಂದು ಬರೆದಿದ್ದೆ. ಕಂಪನಿಗಳ ಪ್ರಕಟಣೆ ಓದಿ, ಎರಡು ಫೋಟೊ ಹಾಕಿ ಮುಗಿಸಿದ್ದೆ. ಅದನ್ನು ಓದಿಯೇ ಚಿಗಪ್ಪನ ಮಗನಿಗೆ ಬನಿಯನ್ ಕೊಳ್ಳುವ ವಿಚಾರ ಹೊಳೆದದ್ದು. ಅವನು ಅದನ್ನು ಹೇಳಿದ್ದು ಆಸ್ಪತ್ರೆಯಿಂದ ವಾಪಸು ಬಂದ ಮೇಲೆ. ಗ್ರಾಮೀಣ ಪತ್ರಿಕೋದ್ಯಮ ಎಂದು ಓದಿದ ನಾವು ಇಂಥ ಸುದ್ದಿ ಬಂದಾಗ ಎದ್ದು ನಿಂತು ಕೇಳಬೇಕಾದ ಪ್ರಶ್ನೆ "ಇದರ ಮಾರುಕಟ್ಟೆ ಎಷ್ಟು ಕೋಟಿ" ಎಂಬುದಲ್ಲ, "ಎಷ್ಟು ಒಗೆತ, ಯಾವ ಕಲ್ಲಿನ ಮೇಲೆ" ಎಂಬುದು. ನಾನು ಕೇಳಿರಲಿಲ್ಲ.

ಬನಿಯನ್ ಈಗ ಮನೆಯಲ್ಲೇ ಇದೆ. ಹೋದ ತಿಂಗಳು ಅವ್ವ ಹಳೆಯ ಸೀರೆ, ಧೋತರ ಎಲ್ಲ ಹೊರಗೆ ಹಾಕಿ ಕೌದಿ ಹೊಲಿಯಲು ಕುಳಿತಾಗ ಅದೂ ರಾಶಿಯಲ್ಲಿ ಬಂತು. ಟಿಚ್ ಬಟನ್ ಎರಡನ್ನೂ ಬಿಚ್ಚಿ ಮೊಮ್ಮಗಳ ಕುಪ್ಪಸಕ್ಕೆಂದು ಡಬ್ಬಿಗೆ ಹಾಕಿದಳು. ಬೂದು ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿ, "ಅರಿವಿ ಏನ ಗಟ್ಟಿ ಐತಿ ಬಿಡು" ಎಂದು ಕೌದಿಯ ಒಳಪದರಕ್ಕೆ ಇಟ್ಟು ಹೊಲಿಗೆ ಹಾಕಿದಳು. ಅಪ್ಪ ಅದನ್ನೇ ಹೊದ್ದು ಮಲಗುತ್ತಾನೆ.